ಕಾಲೇಜಿನಲ್ಲಿ ಆಡಿಯೊ ಪ್ರೊಡಕ್ಷನ್, ಎಲೆಕ್ಟ್ರಾನಿಕ್ ಮೀಡಿಯಾ ಓದುವುದು ಹೇಗೆ: ಸೇರುವ ಮುಂಚಿನಿಂದ ಮೊದಲ ಕೆಲಸದವರೆಗೆ

ಪಿಯುಸಿ ಫಲಿತಾಂಶ ಬಂದ ವಾರ ನನಗೆ ಫೋನ್ ಮೇಲೆ ಫೋನ್. ನೆಂಟರ ಮಕ್ಕಳು, ಪರಿಚಯದವರ ಮಕ್ಕಳು. "ಅಣ್ಣಾ, ಸೌಂಡ್ ಓದ್ಬೇಕು ಅಂತಿದೀನಿ, ಯಾವ ಕಾಲೇಜು ಒಳ್ಳೇದು?" ಅಂತ ಶುರುವಾಗುತ್ತದೆ. ಐದು ನಿಮಿಷಕ್ಕೆ ಫೋನ್ ಅಪ್ಪನ ಕೈಗೆ ಹೋಗುತ್ತದೆ: "ಇದರಲ್ಲಿ ಕೆಲಸ ಸಿಗುತ್ತೇನಪ್ಪಾ?" ಎರಡು ಪ್ರಶ್ನೆಗೂ ನಾನು ಹೇಳುವುದು ಒಂದೇ ಮಾತು. ಈ ವಿದ್ಯೆ ನಿಂತಿರುವುದು ನೀವು ಕೈಯಾರೆ ಎಷ್ಟು ಗಂಟೆ ರೆಕಾರ್ಡ್ ಮಾಡಿದಿರಿ, ಮಾಡಿದ್ದನ್ನು ಎಷ್ಟು ಸಲ ಕೂತು ಕೇಳಿ ತಿದ್ದಿದಿರಿ ಎನ್ನುವುದರ ಮೇಲೆ. ಆ ಗಂಟೆಗಳನ್ನು ಕೊಡುವ ಕಾಲೇಜು ಒಳ್ಳೆಯ ಕಾಲೇಜು. ಆ ಗಂಟೆಗಳು ಬೆನ್ನಿಗಿದ್ದವರನ್ನು ಸ್ಟುಡಿಯೊದವರು ಹುಡುಕಿಕೊಂಡು ಬರುತ್ತಾರೆ.

ಫೋನಿನಲ್ಲಿ ಅಷ್ಟನ್ನೂ ಹೇಳಲು ಆಗುವುದಿಲ್ಲವಾದ್ದರಿಂದ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಅರ್ಜಿ ತುಂಬುವ ಮೊದಲು ಒಂದು ವಾರ ಕೇಳಿ

ದುಡ್ಡು ಬೇಡ, ಸಲಕರಣೆ ಬೇಡ. ಬೆಳಿಗ್ಗೆ ಮನೆಯ ಜಗಲಿಯ ಮೇಲೋ ಬಾಲ್ಕನಿಯಲ್ಲೋ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಿ. ಮೊಬೈಲನ್ನು ರೆಕಾರ್ಡಿಂಗ್‌ಗೆ ಹಾಕಿ ಪಕ್ಕದಲ್ಲಿಡಿ. ಕಣ್ಣು ಬಿಟ್ಟ ಕೂಡಲೇ ಕೇಳಿಸಿದ ಶಬ್ದಗಳನ್ನೆಲ್ಲ ಕಾಗದದ ಮೇಲೆ ಬರೆಯಿರಿ: ಯಾವುದು ಹತ್ತಿರ, ಯಾವುದು ದೂರ, ಯಾವುದು ಬಿಡದೆ ಇತ್ತು, ಯಾವುದು ಬಂದು ಹೋಯಿತು. ಆಮೇಲೆ ಇಯರ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ ದಾಖಲಾದದ್ದನ್ನು ಕೇಳಿ.

ಮೊದಲ ದಿನವೇ ಆಶ್ಚರ್ಯವಾಗುತ್ತದೆ. ಪಕ್ಕದ ಮನೆಯ ನೀರಿನ ಮೋಟಾರು ಹತ್ತೂ ನಿಮಿಷ ಗುಂಯ್‌ಗುಟ್ಟಿರುತ್ತದೆ, ನಿಮ್ಮ ಪಟ್ಟಿಯಲ್ಲಿ ಮಾತ್ರ ಅದು ಇರುವುದಿಲ್ಲ. ಒಗ್ಗಿಹೋದ ಸದ್ದನ್ನು ಮನಸ್ಸು ತೆಗೆದುಹಾಕುತ್ತದೆ. ಮೈಕಿಗೆ ಆ ಸೌಕರ್ಯ ಇಲ್ಲ, ಬಂದದ್ದನ್ನೆಲ್ಲ ಹಿಡಿಯುತ್ತದೆ. ಮೈಕು ಕೇಳುವ ಹಾಗೆ ಕೇಳಲು ಕಿವಿಯನ್ನು ಪಳಗಿಸುವುದೇ ಮುಂದಿನ ಮೂರು ವರ್ಷದ ಓದು. ಏಳು ದಿನ ಇದನ್ನು ಮಾಡಿ. ನಾಲ್ಕನೇ ದಿನಕ್ಕೆ ಬೇಸರ ಬಂದರೆ ಬೇರೆ ಕೋರ್ಸ್ ನೋಡುವುದು ಒಳ್ಳೆಯದು. ಪಟ್ಟಿ ದಿನದಿಂದ ದಿನಕ್ಕೆ ಉದ್ದವಾಗುತ್ತಾ ಹೋದರೆ ನೀವು ಈ ಕಡೆಯವರೇ.

ಹಂತ 2: ಯಾವ ದಾರಿ

"ಆಡಿಯೊ ಪ್ರೊಡಕ್ಷನ್" ಎನ್ನುವ ಹೆಸರಿನ ಕೆಳಗೆ ಬೇರೆ ಬೇರೆ ಕೆಲಸಗಳಿವೆ. ಸಿನಿಮಾದ ಸಿಂಕ್ ಸೌಂಡ್ (ಚಿತ್ರೀಕರಣದ ಹೊತ್ತಿನಲ್ಲೇ ಹಿಡಿಯುವ ಶಬ್ದ), ಡಬ್ಬಿಂಗ್, ಮಿಕ್ಸಿಂಗ್ (ಎಲ್ಲ ಶಬ್ದಗಳನ್ನು ಹದವಾಗಿ ಕೂಡಿಸುವುದು) ಒಂದು ಕಡೆ. ರೇಡಿಯೊ, ಪಾಡ್‌ಕಾಸ್ಟ್, ಆಡಿಯೊ ಪುಸ್ತಕ ಇನ್ನೊಂದು ಕಡೆ. ಟಿವಿ ಸುದ್ದಿ, ಸ್ಟುಡಿಯೊ ಕಾರ್ಯಕ್ರಮ, ನೇರಪ್ರಸಾರ ಮತ್ತೊಂದು ಕಡೆ. ಸಂಗೀತದ ರೆಕಾರ್ಡಿಂಗ್, ವೇದಿಕೆಯ ಲೈವ್ ಸೌಂಡ್ ಬೇರೆಯೇ ಲೋಕ. ಎಲೆಕ್ಟ್ರಾನಿಕ್ ಮೀಡಿಯಾ ಪದವಿಗಳು ಸಾಮಾನ್ಯವಾಗಿ ಎಲ್ಲವನ್ನೂ ಒಂದಿಷ್ಟು ತೋರಿಸುತ್ತವೆ; ಒಂದರಲ್ಲಿ ಆಳಕ್ಕೆ ಇಳಿಯುವುದು ನಿಮಗೆ ಬಿಟ್ಟದ್ದು.

ಡಿಪ್ಲೊಮಾ ದಾರಿ ಹಿಡಿಯುವವರಿಗೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ ಇದೆ. ಛಾಯಾಗ್ರಹಣದ ಜೊತೆಗೆ ಶಬ್ದಗ್ರಹಣದ ಡಿಪ್ಲೊಮಾ ಇಲ್ಲಿ ಉಂಟು. ಇದರ ಬೇರು ಇರುವುದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, ಮೈಸೂರಿನ ವಿ.ಕೆ. ಮೂರ್ತಿ, ಆಮೇಲೆ ಗೋವಿಂದ ನಿಹಲಾನಿ ಛಾಯಾಗ್ರಹಣ ಕಲಿತದ್ದು ಆ ಪಾಲಿಟೆಕ್ನಿಕ್‌ನಲ್ಲೇ. ಸರ್ಕಾರಿ ಶುಲ್ಕದಲ್ಲಿ ಈ ವಿದ್ಯೆ ಸಿಗುತ್ತದೆ ಎಂಬುದು ನಮ್ಮ ಊರುಗಳ ಮಕ್ಕಳಿಗೆ ಇನ್ನೂ ಗೊತ್ತಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

ಪದವಿಗೆ ಪತ್ರಿಕೋದ್ಯಮ, ವಿಷುವಲ್ ಕಮ್ಯುನಿಕೇಶನ್, ಬಿ.ವೋಕ್ (ವೃತ್ತಿ ಕಲಿಸುವ ಪದವಿ) ಹೀಗೆ ಹಲವು ಹೆಸರುಗಳಲ್ಲಿ ಕೋರ್ಸ್‌ಗಳಿವೆ. ಹೆಸರು ನೋಡಿ ಮೋಸಹೋಗಬೇಡಿ, ಸಿಲಬಸ್ ತರಿಸಿ ಪ್ರಾಕ್ಟಿಕಲ್ ಪೇಪರ್‌ಗಳನ್ನು ಎಣಿಸಿ. ಚೆನ್ನೈಯ ತರಮಣಿಯಲ್ಲಿರುವ ಎಂ.ಜಿ.ಆರ್. ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ ಆಡಿಯೊಗ್ರಫಿಯನ್ನೇ, ಅಂದರೆ ಶಬ್ದಗ್ರಹಣವನ್ನೇ, ಪದವಿಯಾಗಿ ಓದಬಹುದು.

ಪದವಿ ಮುಗಿಸಿದವರಿಗೆ ದೊಡ್ಡ ಬಾಗಿಲು ಎರಡು. 1960ರಲ್ಲಿ ಪ್ರಭಾತ್ ಸ್ಟುಡಿಯೊದ ಜಾಗದಲ್ಲಿ ಶುರುವಾದ ಪುಣೆಯ ಎಫ್‌ಟಿಐಐ (ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ) ಒಂದು, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ ಇನ್ನೊಂದು. ಕೋಲ್ಕತ್ತದಲ್ಲಿ ಸಿನಿಮಾ ವಿಭಾಗದ ಜೊತೆಗೆ ಎಲೆಕ್ಟ್ರಾನಿಕ್ ಮತ್ತು ಡಿಜಿಟಲ್ ಮೀಡಿಯಾ ವಿಭಾಗವೂ ಇದೆ, ಅದರಲ್ಲಿ ಶಬ್ದಕ್ಕೇ ಬೇರೆ ಕೋರ್ಸ್ ಇದೆ. 2009ರಲ್ಲಿ ಆಸ್ಕರ್ ಪಡೆದ ಕೇರಳದ ಶಬ್ದ ವಿನ್ಯಾಸಕ ರಸೂಲ್ ಪೂಕುಟ್ಟಿ ಓದಿದ್ದು ಪುಣೆಯಲ್ಲಿ.

ಇಲ್ಲೊಂದು ಮಾತನ್ನು ಪಿಯುಸಿಗೆ ಕಾಲಿಡುವ ಮಕ್ಕಳಿರುವ ಮನೆಯವರು ಗಟ್ಟಿಯಾಗಿ ನೆನಪಿಡಬೇಕು. ಪುಣೆಯ ಶಬ್ದಗ್ರಹಣ ಕೋರ್ಸಿಗೆ ಪದವಿ ಯಾವುದಾದರೂ ನಡೆಯುತ್ತದೆ, ಆದರೆ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರಬೇಕು ಎಂಬ ನಿಯಮ ಇದೆ. ಕಲಾ ವಿಭಾಗದಲ್ಲಿ ಓದಿ, ಅದ್ಭುತವಾದ ಕಿವಿ ಇದ್ದೂ, ಪದವಿ ಮುಗಿದ ಮೇಲೆ ಈ ಸಾಲು ಓದಿ ಸಪ್ಪೆ ಮುಖ ಮಾಡಿದವರನ್ನು ನಾನು ಕಂಡಿದ್ದೇನೆ. ಆ ವರ್ಷದ ಅಧಿಸೂಚನೆಯನ್ನು ನೀವೇ ಓದಿ. ಇನ್ನೊಬ್ಬರು ಹೇಳಿದ್ದನ್ನು ನಂಬಿ ಕೂರಬೇಡಿ.

ಹಂತ 3: ಕಾಲೇಜು ನೋಡಲು ಹೋದಾಗ

ಕರಪತ್ರದ ಮೇಲೆ ಯಾವಾಗಲೂ ಹೊಳೆಯುವ ಕನ್ಸೋಲ್ (ಶಬ್ದ ಹದಮಾಡುವ ಗುಂಡಿಗಳ ಮೇಜು) ಇರುತ್ತದೆ. ನೀವು ನೋಡಬೇಕಾದದ್ದು ಸ್ಟುಡಿಯೊದ ಬುಕ್ಕಿಂಗ್ ರಿಜಿಸ್ಟರ್. "ಒಂದ್ಸಲ ನೋಡಬಹುದಾ ಸರ್?" ಅಂತ ವಿನಯದಿಂದ ಕೇಳಿ. ಪುಟದ ತುಂಬ ಬೇರೆ ಬೇರೆ ವಿದ್ಯಾರ್ಥಿಗಳ ಹೆಸರು, ಸಂಜೆ ಆರರಿಂದ ಒಂಬತ್ತರವರೆಗಿನ ಸಮಯ, ಭಾನುವಾರದ ನಮೂದು ಕಂಡರೆ ಅಲ್ಲಿ ಕಲಿಕೆ ನಡೆಯುತ್ತಿದೆ. ಪುಸ್ತಕ ಖಾಲಿ ಇದ್ದರೆ, ಅಥವಾ ಅಂಥ ಪುಸ್ತಕವೇ ಇಲ್ಲದಿದ್ದರೆ, ಸ್ಟುಡಿಯೊ ಅತಿಥಿಗಳಿಗೆ ತೋರಿಸಲು ಇಟ್ಟದ್ದು.

ಮೈಕ್ ಇರುವ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಕೇಳಿ. ಒಂದು ಬ್ಯಾಚಿಗೆ ಎಷ್ಟು ಜನ, ರೆಕಾರ್ಡರ್ ಎಷ್ಟು, ರಜೆಯಲ್ಲಿ ಮನೆಗೆ ಒಯ್ಯಬಹುದೇ ಕೇಳಿ. ಅರವತ್ತು ಜನಕ್ಕೆ ಎರಡು ರೆಕಾರ್ಡರ್ ಇದ್ದರೆ ಲೆಕ್ಕ ನೀವೇ ಹಾಕಿ. ಪಾಠ ಮಾಡುವವರಲ್ಲಿ ಈಗಲೂ ಹೊರಗೆ ಕೆಲಸ ಮಾಡುತ್ತಿರುವವರು ಎಷ್ಟು ಮಂದಿ? ಹೋದ ವರ್ಷದ ವಿದ್ಯಾರ್ಥಿಗಳ ಕೆಲಸವನ್ನು ನಿಮ್ಮದೇ ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳಿ. ಚಿತ್ರ ಬಿಟ್ಟು ಶಬ್ದ ಮಾತ್ರ. ಮಾತಿನ ಹಿಂದೆ ಫ್ಯಾನಿನ ಸದ್ದು ಕೇಳಿದರೆ ಅದನ್ನು ಯಾರೂ ತಿದ್ದಿಲ್ಲ ಎಂದು ಅರ್ಥ.

ಕೊನೆಗೆ ಕ್ಯಾಂಟೀನಿಗೆ ಹೋಗಿ ಎರಡನೇ ವರ್ಷದವರ ಜೊತೆ ಚಹಾ ಕುಡಿಯಿರಿ. ಅವರಷ್ಟು ನಿಜ ಹೇಳುವವರು ಆ ಆವರಣದಲ್ಲಿ ಬೇರೆ ಯಾರೂ ಇಲ್ಲ.

ಹಂತ 4: ಮೊದಲ ಸೆಮಿಸ್ಟರಿನಲ್ಲಿ ಕೈಗೆ ಬರಬೇಕಾದದ್ದು

ಮೊದಲನೆಯದು ಕೇಬಲ್ ಸುತ್ತುವುದು. ಮೊಣಕೈಗೆ ಹಾಕಿ ಹಗ್ಗದ ಹಾಗೆ ಸುತ್ತಿದರೆ ಒಳಗಿನ ತಂತಿ ತಿರುಚಿ ಕೆಲವೇ ತಿಂಗಳಲ್ಲಿ ಕರಕರ ಎನ್ನುತ್ತದೆ. ಒಂದು ಸುತ್ತು ಮೇಲಿನಿಂದ, ಮುಂದಿನ ಸುತ್ತು ಕೆಳಗಿನಿಂದ ಹಾಕುತ್ತಾ ಹೋದರೆ ಕೇಬಲ್ ಎಸೆದಾಗ ಗಂಟಿಲ್ಲದೆ ನೇರ ಬಿಚ್ಚಿಕೊಳ್ಳುತ್ತದೆ. ಒಂದು ಸಂಜೆ ಕೂತು ಕಲಿಯಿರಿ. ಜೊತೆಗೆ ಬೆಸುಗೆ ಹಾಕುವುದನ್ನೂ ಕಲಿಯಿರಿ: ಮೈಕ್ ಕೇಬಲ್ಲಿನ ತುದಿಯ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರಿನಲ್ಲಿ 1 ಗ್ರೌಂಡ್, 2 ಹಾಟ್ (ನೇರ ಸಂಕೇತ), 3 ಕೋಲ್ಡ್ (ಅದರ ತಿರುಗುಮುರುಗು).

ಎರಡನೆಯದು ಭೌತಶಾಸ್ತ್ರವನ್ನು ಕಿವಿಗೆ ಇಳಿಸುವುದು. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದ 6 ಡೆಸಿಬೆಲ್ ಇಳಿಯುತ್ತದೆ ಎಂದು ಪುಸ್ತಕದಲ್ಲಿರುತ್ತದೆ. ಗೆಳೆಯನನ್ನು ಮೈದಾನದಲ್ಲಿ ನಿಲ್ಲಿಸಿ ಒಂದು ಅಡಿ, ಎರಡು ಅಡಿ, ನಾಲ್ಕು ಅಡಿ ದೂರದಿಂದ ಒಂದೇ ವಾಕ್ಯವನ್ನು ಓದಿಸಿ. ಆಮೇಲೆ ಅದನ್ನೇ ತರಗತಿಯ ಕೋಣೆಯಲ್ಲಿ ಮಾಡಿಸಿ. ಮೈದಾನದಲ್ಲಿ ದನಿ ಸಣ್ಣದಾಗುತ್ತದೆ ಅಷ್ಟೆ. ಕೋಣೆಯಲ್ಲಿ ದನಿ ಸಣ್ಣದಾಗುವ ಜೊತೆಗೆ ಗೋಡೆ ಮಾತಾಡಲು ಶುರುಮಾಡುತ್ತದೆ. ಮೈಕನ್ನು ಬಾಯಿಯ ಹತ್ತಿರ ಇಡಬೇಕು ಎಂದು ಎಲ್ಲರೂ ಯಾಕೆ ಹೇಳುತ್ತಾರೆ ಎಂಬುದು ಆಮೇಲೆ ಮರೆಯುವುದಿಲ್ಲ.

ಮೂರನೆಯದು ಫೇಸ್ (phase), ಅಂದರೆ ಎರಡು ಅಲೆಗಳ ಏರಿಳಿತ ಒಂದಕ್ಕೊಂದು ಹೊಂದುವುದು. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಒಂದೇ ದನಿಯನ್ನು ಎರಡು ಮೈಕ್ ಹಿಡಿದು, ಒಂದು ಮೈಕ್ ಇನ್ನೊಂದಕ್ಕಿಂತ ಅಷ್ಟು ದೂರ ಇದ್ದರೆ, ಎರಡನ್ನೂ ಸೇರಿಸಿದಾಗ 500 ಹರ್ಟ್ಸ್ ಆಸುಪಾಸಿನಲ್ಲಿ ಅಲೆಗಳು ಒಂದನ್ನೊಂದು ತಿಂದುಹಾಕುತ್ತವೆ. ದನಿ ಡಬ್ಬಿಯೊಳಗಿನಿಂದ ಬಂದ ಹಾಗೆ ಪೊಳ್ಳಾಗುತ್ತದೆ. ಇಬ್ಬರು ಮಾತಾಡುವ ಪಾಡ್‌ಕಾಸ್ಟಿನಲ್ಲಿ ಇದೇ ಆಗುವುದು. ಮೈಕಿನಿಂದ ಬಾಯಿಗೆ ಇರುವ ದೂರದ ಮೂರರಷ್ಟನ್ನಾದರೂ ಎರಡು ಮೈಕುಗಳ ನಡುವೆ ಬಿಡಿ.

ಹಂತ 5: ಏನು ಕೊಳ್ಳಬೇಕು, ಯಾವಾಗ

ಮೊದಲ ವರ್ಷ ಕಿವಿ ಪೂರ್ತಿ ಮುಚ್ಚುವ ಒಂದು ಒಳ್ಳೆಯ ಹೆಡ್‌ಫೋನ್ ಮಾತ್ರ ಕೊಳ್ಳಿ. ನಾಲ್ಕು ವರ್ಷ ಅದೇ ಇರಲಿ, ಅದರ ಗುಣ ದೋಷ ಎರಡೂ ನಿಮಗೆ ಅಂಗೈ ರೇಖೆಯ ಹಾಗೆ ತಿಳಿಯಲಿ. ಎರಡನೇ ವರ್ಷ ಒಂದು ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಒಂದು ಡೈನಾಮಿಕ್ ಮೈಕ್. ನಮ್ಮ ಮನೆಗಳಲ್ಲಿ ರಸ್ತೆಯ ಸದ್ದು, ಮಿಕ್ಸಿ, ಕುಕ್ಕರ್ ವಿಷಲ್ ಎಲ್ಲ ಇರುವುದರಿಂದ, ಮೂಲೆ ಮೂಲೆಯ ಪಿಸುಮಾತನ್ನೂ ಹಿಡಿಯುವ ಕಂಡೆನ್ಸರ್‌ಗಿಂತ ಡೈನಾಮಿಕ್ ಮೈಕೇ ಹೊಂದುತ್ತದೆ. ಸಾಫ್ಟ್‌ವೇರಿಗೆ ದುಡ್ಡಿಲ್ಲ ಎಂಬ ಚಿಂತೆ ಬೇಡ. ಆಡಾಸಿಟಿ ಉಚಿತ. ರೀಪರ್ 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಪರವಾನಗಿಗೆ 60 ಡಾಲರ್. ಕಾಲೇಜಿನಲ್ಲಿ ಪ್ರೊ ಟೂಲ್ಸ್ ಇದ್ದರೆ ಅಲ್ಲೇ ಕಲಿಯಿರಿ, ಕದ್ದ ಪ್ರತಿ ಹಾಕಿಕೊಳ್ಳಬೇಡಿ. ಸ್ಪೀಕರ್ ಕೊಳ್ಳುವ ಆಸೆಯನ್ನು ಕೆಲಸ ಸಿಗುವವರೆಗೆ ತಡೆದುಕೊಳ್ಳಿ. ಕೋಣೆ ಸರಿಯಿಲ್ಲದೆ ಸ್ಪೀಕರ್ ಎಷ್ಟು ದುಬಾರಿಯಾದರೂ ಸುಳ್ಳೇ ಹೇಳುತ್ತದೆ.

ಹಂತ 6: ಕನ್ನಡದ ದನಿಯನ್ನು ರೆಕಾರ್ಡ್ ಮಾಡುವುದು

ಪಠ್ಯಪುಸ್ತಕಗಳೆಲ್ಲ ಇಂಗ್ಲಿಷ್ ದನಿಯನ್ನು ಇಟ್ಟುಕೊಂಡು ಬರೆದವು. ನಮ್ಮ ಭಾಷೆಗೆ ನಮ್ಮದೇ ತೊಡಕುಗಳಿವೆ. ಮಹಾಪ್ರಾಣ ಉಚ್ಚರಿಸುವಾಗ ಗಾಳಿ ರಭಸದಿಂದ ಬರುತ್ತದೆ. ಒಳ್ಳೆಯ ವಾಚಕರು ಭ, ಫ, ಧ ಗಳನ್ನು ಸ್ಪಷ್ಟವಾಗಿ ನುಡಿದಷ್ಟೂ ಮೈಕು 'ಧಪ್' ಎನ್ನುತ್ತದೆ. ನಾನು ಹೊಸ ದನಿ ಬಂದಾಗ ಓದಿಸುವ ವಾಕ್ಯ ಇದು: "ಭಾಗೀರಥಿಯ ಪಕ್ಕದ ಮನೆಯ ಶೇಷಪ್ಪ ಸಂತೆಯಿಂದ ಫಲಪುಷ್ಪ, ಬೆಳ್ಳುಳ್ಳಿ, ಹಸಿ ಅವರೆಕಾಳು ತಂದ." ಗಾಳಿಯ ಹೊಡೆತ, ಸ-ಶ-ಷಗಳ ಸೀಟಿ, ಲ-ಳ ವ್ಯತ್ಯಾಸ, ಅ-ಹ ಅದಲುಬದಲು ಎಲ್ಲವೂ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಮೈಕನ್ನು ಬಾಯಿಯಿಂದ ಒಂದು ಗೇಣು ದೂರ ಇಡಿ. ನೇರ ಎದುರಿಗೆ ಬೇಡ, ತುಸು ಓರೆಯಾಗಿ ಬಾಯಿಯ ಅಂಚಿಗೆ ಗುರಿಯಿಡಿ. ಗಾಳಿ ಮೈಕನ್ನು ದಾಟಿ ಹೋಗುತ್ತದೆ, ದನಿ ಮಾತ್ರ ಒಳಗೆ ಬರುತ್ತದೆ. ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. 'ಟಣ್' ಎಂಬ ಬಾಲ ಕೇಳಿಸಿದರೆ ಓದುವವರ ಬೆನ್ನ ಹಿಂದೆ ದಪ್ಪ ಕಂಬಳಿ ಇಳಿಬಿಡಿ, ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಫ್ಯಾನ್ ಆರಿಸಿ. ಫ್ರಿಜ್ ಆರಿಸುವಾಗ ನಿಮ್ಮ ಬೈಕಿನ ಕೀಲಿಯನ್ನು ಅದರೊಳಗಿಡಿ. ಕೀಲಿ ತೆಗೆಯಲು ಹೋದಾಗ ಫ್ರಿಜ್ ಮತ್ತೆ ಹಾಕುವುದು ನೆನಪಾಗುತ್ತದೆ, ಮನೆಯವರ ಹಾಲು ಕೆಡುವುದಿಲ್ಲ. ಎಲ್ಲ ಮುಗಿದ ಮೇಲೆ ಯಾರೂ ಅಲುಗಾಡದೆ ಒಂದು ನಿಮಿಷ ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿ. ಎಡಿಟ್ ಮಾಡುವಾಗ ಎರಡು ಮಾತಿನ ನಡುವಿನ ಸಂದು ಮುಚ್ಚಲು ಈ ರೂಂ ಟೋನ್ ಬಿಟ್ಟು ಬೇರೆ ಮದ್ದಿಲ್ಲ.

ಹಂತ 7: ಲೆವೆಲ್ ಇಡುವುದು

ಎರಡನೇ ವರ್ಷದಲ್ಲಿದ್ದಾಗ ಕರಾವಳಿಯ ಒಂದು ದೇವಸ್ಥಾನದಲ್ಲಿ ತಾಳಮದ್ದಳೆ ರೆಕಾರ್ಡ್ ಮಾಡಲು ಹೋಗಿದ್ದೆ. ಭಾಗವತರು ಶ್ರುತಿ ಹಿಡಿದು ಮೆಲ್ಲಗೆ ಹಾಡುತ್ತಿದ್ದರು, ಮದ್ದಳೆ ಹದವಾಗಿ ಕೇಳುತ್ತಿತ್ತು. ಅದನ್ನು ನೋಡಿ ಗೇನ್ (ಮೈಕಿನ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬ ಅಳತೆ) ಇಟ್ಟೆ. ಮುಕ್ಕಾಲು ಗಂಟೆ ಎಲ್ಲ ಸರಿಯಿತ್ತು. ಯುದ್ಧದ ಪದ್ಯಕ್ಕೆ ಚೆಂಡೆ ಬಂತು ನೋಡಿ, ರೆಕಾರ್ಡರಿನ ಕೆಂಪು ದೀಪ ಹತ್ತಿದ್ದು ಆರಲೇ ಇಲ್ಲ. ಹಾಸ್ಟೆಲಿಗೆ ಬಂದು ತೆರೆದರೆ ಅಲೆಯ ತಲೆಗಳೆಲ್ಲ ಕತ್ತಿಯಿಂದ ಸವರಿದ ಹಾಗೆ ಚಪ್ಪಟೆ. ಭಾಗವತರ ಆ ರಾತ್ರಿಯ ಅತ್ಯುತ್ತಮ ಪದ್ಯ ಹಾಗೆ ಹೋಯಿತು. ಆ ಫೈಲನ್ನು ಇವತ್ತಿಗೂ ಅಳಿಸಿಲ್ಲ.

ಆದ್ದರಿಂದ ಲೆವೆಲ್ ಕೇಳುವಾಗ "ಒಂದು ಸಲ ನಿಮ್ಮ ಅತಿ ಜೋರಿನ ಪೆಟ್ಟು ಹಾಕಿ ತೋರಿಸಿ" ಎಂದು ವಾದ್ಯದವರನ್ನು ಕೈಮುಗಿದು ಕೇಳಿ. ರೆಕಾರ್ಡರಿನ ಮೀಟರಿನಲ್ಲಿ ಸೊನ್ನೆ ಎಂದರೆ ದನಿ ಒಡೆಯುವ ಮಿತಿ; ಆ ಜೋರಿನ ಶಿಖರ ಅದಕ್ಕಿಂತ ಕೆಳಗೆ, ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲಬೇಕು. ಮಾತಿನ ಸರಾಸರಿ ಮೈನಸ್ 18ರ ಆಸುಪಾಸು ಇರಲಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಸಣ್ಣ ದನಿಯನ್ನು ಆಮೇಲೆ ಎತ್ತಬಹುದು. ಒಡೆದದ್ದನ್ನು ಕೂಡಿಸಲು ಆಗುವುದಿಲ್ಲ.

ಹಂತ 8: ಟಿವಿ ಪಾಠಗಳು

ಟಿವಿಯಲ್ಲಿ ಪದಗಳೇ ಬೇರೆ: ಬೈಟ್ (ಒಬ್ಬರ ಹೇಳಿಕೆಯ ತುಣುಕು), ವಿಒ (ಚಿತ್ರದ ಮೇಲೆ ಓದುವ ದನಿ), ಪಿಟುಸಿ (ವರದಿಗಾರರು ಕ್ಯಾಮೆರಾ ನೋಡಿ ಹೇಳುವುದು), ಪ್ಯಾಕೇಜ್ (ಎಲ್ಲ ಕೂಡಿಸಿದ ವರದಿ), ಟಾಕ್‌ಬ್ಯಾಕ್ (ಸ್ಟುಡಿಯೊ ತಂಡದವರು ತಮ್ಮೊಳಗೆ ಮಾತಾಡುವ ಲೈನು). ಒಂದು ವಾರ ಪಿಸಿಆರ್‌ನಲ್ಲಿ (ಕಾರ್ಯಕ್ರಮ ನಡೆಸುವ ಕಂಟ್ರೋಲ್ ರೂಮಿನಲ್ಲಿ) ಬಾಯಿ ಮುಚ್ಚಿ ಕೂತು ನೋಡಿದರೆ ಎಲ್ಲ ಅರ್ಥವಾಗುತ್ತದೆ. ಚಿತ್ರದ ಜೊತೆ ಹೋಗುವ ಶಬ್ದದ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಅಲೆಯನ್ನು ಅಳೆಯುತ್ತದೆ ಎಂಬುದು) 48 ಕಿಲೋಹರ್ಟ್ಸ್‌ನಲ್ಲೇ ಇಡಿ, 44.1 ಎನ್ನುವುದು ಸಿ.ಡಿ. ಕಾಲದ ಲೆಕ್ಕ. ಗುಂಯ್ ಎನ್ನುವ ಹಮ್ ಬಂದರೆ ಅದು ನಮ್ಮ ದೇಶದ ಕರೆಂಟಿನ 50 ಹರ್ಟ್ಸ್. ಮೊದಲು ಕೇಬಲ್ ಮತ್ತು ಅರ್ಥಿಂಗ್ ನೋಡಿ, ಫಿಲ್ಟರ್ ಆಮೇಲೆ.

ಕಾಲರ್ ಮೈಕ್ ಹಾಕುವುದು ಒಂದು ಕಲೆ. ರೇಷ್ಮೆ ಸೀರೆ ಸರಪರ ಎನ್ನುತ್ತದೆ, ಕರಿಮಣಿ ಸರ ಮೈಕಿಗೆ ತಾಗಿ ಟಿಕ್ ಟಿಕ್ ಎನ್ನುತ್ತದೆ. ಸರದಿಂದ ನಾಲ್ಕು ಬೆರಳು ದೂರದಲ್ಲಿ, ಸೆರಗಿನ ನೆರಿಗೆ ಅಲುಗದ ಕಡೆ ಕ್ಲಿಪ್ ಹಾಕಿ, ತಂತಿಯಲ್ಲಿ ಒಂದು ಸಣ್ಣ ಕುಣಿಕೆ ಬಿಟ್ಟು ಟೇಪ್ ಅಂಟಿಸಿ. ಹೆಣ್ಣುಮಕ್ಕಳಿಗೆ ಮೈಕ್ ಹಾಕುವಾಗ "ಅಮ್ಮಾ, ಇಲ್ಲಿ ಹೀಗೆ ಸಿಕ್ಕಿಸಿಕೊಳ್ಳಿ" ಎಂದು ತೋರಿಸಿ ಅವರ ಕೈಗೇ ಕೊಡಿ.

ಹಂತ 9: ಕ್ಯಾಂಪಸ್ ರೇಡಿಯೊ ಬಿಡಬೇಡಿ

1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದರು. ಆ ನಿಲಯದ ಹೆಸರು 'ಆಕಾಶವಾಣಿ' ಮುಂದೆ ದೇಶದ ರೇಡಿಯೊಗೇ ಹೆಸರಾಯಿತು. ಒಬ್ಬ ಕಾಲೇಜು ಮೇಷ್ಟರಿಂದ ಹೊರಟ ಪರಂಪರೆ ಇದು. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ'ಯವರು ಪ್ರಸಾರದ ಪರವಾನಗಿ ಇಲ್ಲದ ದಿನಗಳಲ್ಲಿ ಊರಿನ ಟಿವಿ ಕೇಬಲ್ ಮೂಲಕವೇ ಮನೆಮನೆಗೆ ದನಿ ಮುಟ್ಟಿಸಿದ್ದರು. ಮಂಗಳೂರಿನ ಸೇಂಟ್ ಅಲೋಶಿಯಸ್‌ನ ರೇಡಿಯೊ ಸಾರಂಗ್, ಮಣಿಪಾಲದ ರೇಡಿಯೊ ಮಣಿಪಾಲ್, ಬೆಂಗಳೂರಿನ ರೇಡಿಯೊ ಆ್ಯಕ್ಟಿವ್ ಇಂದಿಗೂ ವಿದ್ಯಾರ್ಥಿಗಳ ಕೈ ಪಳಗುವ ಜಾಗಗಳು.

ಸಮುದಾಯ ಬಾನುಲಿಯ ವ್ಯಾಪ್ತಿ ಹತ್ತು ಕಿಲೋಮೀಟರಿನ ಆಸುಪಾಸು. ಅದೇ ಅದರ ಸೊಗಸು: ನೀವು ಮಾಡಿದ ಕಾರ್ಯಕ್ರಮ ಕೇಳಿದವರು ಮಾರನೇ ದಿನ ತರಕಾರಿ ಅಂಗಡಿಯಲ್ಲಿ ಸಿಗುತ್ತಾರೆ. ನಿಮ್ಮ ಕಾಲೇಜಿನಲ್ಲಿ ಬಾನುಲಿ ಇಲ್ಲದಿದ್ದರೆ ಹತ್ತಿರದ ಕೇಂದ್ರಕ್ಕೆ ಹದಿನೈದು ನಿಮಿಷದ, ಪೂರ್ತಿ ಸಿದ್ಧವಾದ ಒಂದು ಕಾರ್ಯಕ್ರಮ ಹಿಡಿದುಕೊಂಡು ಹೋಗಿ. ಬರೀ ಐಡಿಯಾ ಹಿಡಿದುಕೊಂಡು ಬರುವವರನ್ನು ಅವರು ದಿನಾ ನೋಡುತ್ತಾರೆ. ವಿಷಯಕ್ಕೆ ದೂರ ಹೋಗಬೇಡಿ. ನಿಮ್ಮ ಅಜ್ಜಿಯ ಬೀಸುಕಲ್ಲಿನ ಪದ, ಊರ ಕಮ್ಮಾರನ ಕುಲುಮೆ, ಕೊನೆಯ ಬಸ್ಸಿನ ಕಂಡಕ್ಟರ್. ಇವುಗಳಲ್ಲಿ ಕೆಲವು ಸದ್ದು ನಮ್ಮ ಕಣ್ಣೆದುರೇ ನಿಂತುಹೋಗುತ್ತಿವೆ. ರೆಕಾರ್ಡರ್ ಕೈಯಲ್ಲಿರುವವರು ನೀವು.

ಹಂತ 10: ಮುಗಿಸಿ ಕೊಡುವುದು

ಎಲ್ಲಿಗೆ ಕಳಿಸುತ್ತೀರಿ ಎಂಬುದರ ಮೇಲೆ ಲೌಡ್‌ನೆಸ್ (ಒಟ್ಟಾರೆ ಕಿವಿಗೆ ಎಷ್ಟು ಜೋರು ಎಂಬುದು) ನಿಲ್ಲುತ್ತದೆ; ಅದನ್ನು ಅಳೆಯುವ ಮಾನ ಎಲ್‌ಯುಎಫ್‌ಎಸ್. ಯುರೋಪಿನ ಪ್ರಸಾರ ಮಾನದಂಡ ಮೈನಸ್ 23 ಎಲ್‌ಯುಎಫ್‌ಎಸ್, ಪಾಡ್‌ಕಾಸ್ಟಿಗೆ ಆ್ಯಪಲ್ ಕೇಳುವುದು ಮೈನಸ್ 16, ಸ್ಪಾಟಿಫೈ ಹಾಡುಗಳನ್ನು ನುಡಿಸುವುದು ಮೈನಸ್ 14ರಲ್ಲಿ. ಯಾರಿಗೆ ಕೊಡುತ್ತೀರೋ ಅವರ ಹತ್ತಿರ ಲಿಖಿತವಾಗಿ ಕೇಳಿಕೊಳ್ಳಿ.

48 ಕಿಲೋಹರ್ಟ್ಸ್, 24 ಬಿಟ್, ಒಂದು ಟ್ರ್ಯಾಕ್ ಎಂದರೆ ಗಂಟೆಗೆ ಸುಮಾರು 520 ಎಂಬಿ. ಪ್ರತಿ ಕೆಲಸಕ್ಕೂ ಮೂರು ಪ್ರತಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಫೈಲಿನ ಹೆಸರಿನಲ್ಲಿ ದಿನಾಂಕ, ಊರು, ಯಾರ ದನಿ ಇರಲಿ. 'ಫೈನಲ್', 'ಫೈನಲ್ ಹೊಸದು' ಎಂಬ ಹೆಸರು ಎಂದೂ ಬೇಡ.

ಕಿವಿಯ ವಿಷಯ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಸಮಯ ಅರ್ಧವಾಗುತ್ತದೆ. 100ಕ್ಕೆ ಬಂದರೆ ಕೇವಲ ಹದಿನೈದು ನಿಮಿಷ. ಗಣಪತಿ ಮೆರವಣಿಗೆಯ ಡಿಜೆ ಪಕ್ಕ ಕೆಲಸಕ್ಕೆ ನಿಲ್ಲುವುದಾದರೆ ಕಿವಿಗೆ ಪ್ಲಗ್ ಹಾಕಿಕೊಂಡೇ ನಿಲ್ಲಿ. ಹೋದ ಶ್ರವಣ ಮರಳಿ ಬರುವುದಿಲ್ಲ.

ಹಂತ 11: ಕೊನೆಯ ವರ್ಷ, ಮೊದಲ ಬಾಗಿಲು

ನಿಮ್ಮ ಕೆಲಸದ ಮಾದರಿಗಳನ್ನು ಕೂಡಿಸಿ ಮೂರು ನಿಮಿಷದ ಒಂದು ರೀಲ್ ಮಾಡಿ. ಒಂದು ಕನ್ನಡ ವಾಚನ, ಹೊರಾಂಗಣದಲ್ಲಿ ಹಿಡಿದ ಒಂದು ಮಾತುಕತೆ, ಒಂದು ವಾದ್ಯ, ಮತ್ತು ಶಬ್ದವನ್ನೆಲ್ಲ ನೀವೇ ಹೊಸದಾಗಿ ಕಟ್ಟಿದ ಒಂದು ನಿಮಿಷದ ದೃಶ್ಯ. ಅತ್ಯುತ್ತಮವಾದದ್ದು ಮೊದಲ ಇಪ್ಪತ್ತು ಸೆಕೆಂಡಿನಲ್ಲಿರಲಿ. ಪ್ರತಿಯೊಂದರ ಕೆಳಗೆ ಅದರಲ್ಲಿ ನಿಮ್ಮ ಕೈಯದು ಎಷ್ಟು ಎಂದು ಪ್ರಾಮಾಣಿಕವಾಗಿ ಬರೆಯಿರಿ. ಗೆಳೆಯ ಮಿಕ್ಸ್ ಮಾಡಿದ್ದನ್ನು ನಿಮ್ಮದೆಂದು ತೋರಿಸಿದರೆ ಸ್ಟುಡಿಯೊದವರ ಎರಡನೇ ಪ್ರಶ್ನೆಗೇ ಅದು ಹೊರಗೆ ಬರುತ್ತದೆ.

ಇಂಟರ್ನ್‌ಶಿಪ್ಪನ್ನು ಕೊನೆಯ ಸೆಮಿಸ್ಟರಿಗೆ ಕಾಯಬೇಡಿ, ಎರಡನೇ ವರ್ಷದ ಬೇಸಿಗೆ ರಜೆಯಿಂದಲೇ ಕೇಳಲು ಹೋಗಿ. ದುಡ್ಡು ಕೊಟ್ಟು ಇಂಟರ್ನ್ ಆಗಬೇಕೆಂದು ಕೇಳುವ ಕಡೆ ಎದ್ದು ಬನ್ನಿ. ಸಂಬಳ ಇಲ್ಲ ಎಂದರೂ ಒಪ್ಪುವುದಾದರೆ ಎರಡು ತಿಂಗಳ ಮಿತಿ ಹಾಕಿಕೊಳ್ಳಿ, ಬಸ್ ಖರ್ಚು, ಊಟ ಕೇಳಿ ಪಡೆಯಿರಿ.

ಮೊದಲ ದಿನ ಯಾರೂ ನಿಮ್ಮನ್ನು ಕನ್ಸೋಲ್ ಮುಂದೆ ಕೂರಿಸುವುದಿಲ್ಲ. ಸೆಷನ್ ಮುಗಿದು ಎಲ್ಲರೂ ಹೊರಟಾಗ ನೆಲದ ಮೇಲೆ ಕೇಬಲ್‌ಗಳು ಬಿದ್ದಿರುತ್ತವೆ. ಕೇಳದೆಯೇ ಹೋಗಿ ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ಹಾಕಿ ಸುತ್ತಿಡಿ. ಹಿರಿಯ ಇಂಜಿನಿಯರ್ ಅದನ್ನು ನೋಡುತ್ತಾರೆ, ಮಾರನೇ ಬೆಳಿಗ್ಗೆ ಮೈಕ್ ಇಡಲು ನಿಮ್ಮನ್ನೇ ಕರೆಯುತ್ತಾರೆ.